ಬಾಗಿಲಲ್ಲಿ ಅರಿವೆ ಕೇಳುತ್ತಿದ್ದಾಕೆ

ಹೋದ ಮಂಗಳವಾರ ಮುಂಜಾನೆ ಪಡಸಾಲೆಯಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದೆ. ಎದುರಿಗೆ ಅವ್ವ ಗೋಡೆಗೆ ಬೆನ್ನು ಕೊಟ್ಟು ದೀಪದ ಬತ್ತಿ ಹೊಸೆಯುತ್ತಿದ್ದಳು. ಹಾಲು ಹಾಕಲು ಬಂದ ಹೆಣ್ಣುಮಗಳು ಪಾತ್ರೆಗೆ ಹಾಲು ಸುರಿಯುತ್ತಲೇ ಹೇಳಿದಳು.

"ಅಕ್ಕಾರ, ದವಾಖಾನಿ ಆಯಾ ಹೋದಳಂತ್ರಿ. ಮಲಗಿದಾಕಿ ಮುಂಜಾನಿ ಏಳಲೇ ಇಲ್ಲಂತ."

"ಯಾವ ಆಯಾ?"

"ಅರಿವಿ ಕೊಡ್ರಿ, ಅರಿವಿ ಕೊಡ್ರಿ ಅಂತಿದ್ದಳಲ್ರಿ, ಆಕಿ. ನನ್ನ ಎರಡೂ ಹೆರಿಗಿ ಆಕಿನೇ ಮುಂದ ನಿಂತು ಮಾಡಿಸ್ಯಾಳ."

ಯಾವ ಆಯಾ ಎಂದು ನಾನು ಸುಮ್ಮನೆ ಕೇಳಿದ್ದೆ. ಯಾರೆಂದು ಮೊದಲ ಮಾತಿಗೇ ಗೊತ್ತಾಗಿತ್ತು. ಅವ್ವನಿಗೂ ಗೊತ್ತಾಗಿತ್ತು, ಯಾಕೆಂದರೆ ಅವಳ ಅಂಗೈಯಲ್ಲಿದ್ದ ಬತ್ತಿ ಅರ್ಧಕ್ಕೇ ನಿಂತಿತು. ಹಾಲಿನಾಕೆ ಹೋದ ಮೇಲೂ ಅದು ಅಲ್ಲೇ ನಿಂತಿತ್ತು.

ಆ ಆಯಾನ ಮೇಲೆ ನಮ್ಮ ಮನೆಯಿಂದ ಒಂದು ಮಾತು ಹೋಗಿತ್ತು. ಕಳ್ಳಿ ಅಂತ. ಆಡಿದವಳು ಅವ್ವ, ಕೇಳಿ ಸುಮ್ಮನಿದ್ದವಳು ನಾನು. ಇಪ್ಪತ್ತು ವರ್ಷವಾದರೂ ಆ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಆಕೆಗೊಂದು ಹೆಸರಿತ್ತು. ವಾರ್ಡಿನ ಗೋಡೆಗೆ ಅಂಟಿಸಿದ್ದ ಡ್ಯೂಟಿ ಪಟ್ಟಿಯಲ್ಲಿ ಅದನ್ನು ಓದಿದ್ದೆ. ಆ ಹೆಸರಿನಿಂದ ಯಾರೂ ಕರೆದದ್ದನ್ನು ಕೇಳಿಲ್ಲ. ಡಾಕ್ಟರರಿಗೂ ಆಯಾ, ಸಿಸ್ಟರಿಗೂ ಆಯಾ, ಗೇಟಿನ ಬಳಿ ಚಹಾ ಮಾರುವವನಿಗೂ ಆಯಾ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಕುಳ್ಳಗಿನ ಹೆಂಗಸು. ನಡೆಯುವಾಗ ತುಸು ಎಡಕ್ಕೆ ವಾಲುತ್ತಿದ್ದಳು. ಕೆಲಸಕ್ಕೆ ನಿಂತಾಗ ಗಾಜಿನ ಬಳೆಗಳನ್ನು ಮೊಣಕೈತನಕ ಏರಿಸಿ, ಕೆಳಗಿಳಿಯದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದಳು. ಕೆಲಸ ಮುಗಿದ ಮೇಲೆ ಬ್ಯಾಂಡ್ ತೆಗೆದರೆ ಬಳೆಗಳೆಲ್ಲ ಒಮ್ಮೆಲೇ ಸರ್ ಎಂದು ಜಾರಿ ಮುಂಗೈಗೆ ಬರುತ್ತಿದ್ದವು. ಆ ಸಪ್ಪಳ ಕೇಳಿದರೆ ವಾರ್ಡಿನಲ್ಲಿ ಒಬ್ಬರದು ಮುಗಿಯಿತು ಎಂದು ಉಳಿದವರಿಗೆ ತಿಳಿಯುತ್ತಿತ್ತು. ಚಹಾಕ್ಕೆ ಮನೆಯಿಂದ ತಂದ ಸ್ಟೀಲಿನ ಲೋಟ ಒಂದಿತ್ತು. ಗೇಟಿನಾಚೆ ಎಲ್ಲರೂ ಗಾಜಿನ ಗ್ಲಾಸಿನಲ್ಲಿ ಕುಡಿಯುತ್ತಿದ್ದರೆ ಆಕೆ ತನ್ನ ಲೋಟ ಮುಂದೆ ಹಿಡಿಯುತ್ತಿದ್ದಳು. "ನಂದು ನನಗ ರುಚಿ" ಎಂದು ನಗುತ್ತಿದ್ದಳು. ನಾನೂ ನಕ್ಕಿದ್ದೇನೆ. ಆಕೆಯ ಮನೆ ಯಾವ ಓಣಿಯಲ್ಲಿದೆ ಎಂದು ಗೊತ್ತಾದ ಮೇಲೆ ಆ ಲೋಟದ ನೆನಪಾದರೆ ನಗು ಬರುವುದಿಲ್ಲ.

ಬಾಯಿ ಮಾತ್ರ ಖಡಕ್ಕು. ನೋವು ತಿನ್ನುತ್ತ ಹಲ್ಲು ಕಚ್ಚಿ ಮಲಗಿದವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ.

"ಕೂಗು ತಾಯಿ, ಕೂಗು. ಗ್ವಾಡಿ ಸರಕಾರದ್ದು, ನೀ ಕೂಗಿದ್ರ ಬೀಳಂಗಿಲ್ಲ."

"ಹೊರಗ ಮಾವ ಕುಂತಾರ್ರಿ..."

"ಕುಂತಿರ್ಲಿ. ಅವರ ಅವ್ವನೂ ಹಿಂಗ ಕೂಗೇ ಅವರನ್ನ ಹಡದಾಳ. ಜರಾ ನೆನಪಾಗ್ಲಿ."

ಒಂದು ವಿಚಿತ್ರವಿತ್ತು. ಆಕೆ ಹೆಂಗಸರನ್ನು ಮುಖದಿಂದ ಗುರುತಿಸುತ್ತಿರಲಿಲ್ಲ, ಕಾಲಿನಿಂದ ಗುರುತಿಸುತ್ತಿದ್ದಳು. ಇಡೀ ಆಯುಷ್ಯ ಆಕೆ ನಿಂತದ್ದು ಟೇಬಲ್ಲಿನ ಕಾಲ್ದೆಸೆಗೆ. ನೋವಿಗೆ ತಣ್ಣಗಾದ ಅಂಗಾಲುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದು ಯಾರೂ ಹೇಳಿಕೊಡದೆ ಆಕೆ ತಾನೇ ಹಚ್ಚಿಕೊಂಡ ಕೆಲಸ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ನಿಂತಿದ್ದೆ, ತುಸು ದೂರದಲ್ಲಿ ಆಯಾನೂ ಇದ್ದಳು. ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು ಬುಟ್ಟಿ ಹೊತ್ತು ಹೊರಟಿದ್ದಳು. ಆಯಾ ನೆಲ ನೋಡುತ್ತಲೇ ಕೂಗಿದಳು.

"ಏ ವಡಗೇರಿ ಸೊಸಿ, ನಿಂದ್ರು! ಅವಳಿ ಹಡದಾಕಿ ಅಲಾ ನೀ?"

ಆಕೆ ಗಾಬರಿಯಾಗಿ ಸೆರಗು ಸರಿಸಿದಳು. "ಹೌದ್ರಿ! ನಿಮಗ ಹ್ಯಾಂಗ ಗೊತ್ತಾತು?"

"ಎಡಗಾಲ ಕಿರಿಬೆರಳು ಮ್ಯಾಲ ಹತ್ಯಾದ. ಅದನ್ನ ಆರು ತಾಸು ಹಿಡ್ಕೊಂಡು ಕುಂತೀನಿ, ಮರೀತೀನೇನು?"

ಸುತ್ತಲಿದ್ದವರೆಲ್ಲ ನಕ್ಕರು. ಆ ಹೆಣ್ಣುಮಗಳು ಮಾತ್ರ ಬುಟ್ಟಿ ಇಳಿಸಿ, ಆಕೆಯ ಕೈ ಹಿಡಿದು ಅತ್ತಳು. ಅವಳಿಯಲ್ಲಿ ಒಂದು ಉಳಿದಿರಲಿಲ್ಲವಂತೆ.

ಇನ್ನು ಅರಿವೆಯ ಸಂಗತಿ. ನಮ್ಮ ಕಡೆ ಹುಟ್ಟುವ ಕೂಸಿಗೆ ಮುಂಚಿತವಾಗಿ ಏನೂ ಕೊಳ್ಳುವುದಿಲ್ಲ. ಹೊಸ ಬಟ್ಟೆ ಚುಚ್ಚುತ್ತದೆ ಅನ್ನುವುದು ಒಂದು, ಬರುವ ಮೊದಲೇ ಹಂಬಲಿಸಬಾರದು ಅನ್ನುವುದು ಇನ್ನೊಂದು. ಕೂಸಿನ ಅಜ್ಜಿ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಒಗೆದು, ಹರಿದು, ಮಡಚಿ ಚೀಲದಲ್ಲಿಟ್ಟುಕೊಂಡು ದವಾಖಾನೆಯ ಬೆಂಚಿನ ಮೇಲೆ ಕೂರುತ್ತಾಳೆ. ಕೂಸು ಹುಟ್ಟಿದ ಮೇಲೆ ಆಯಾ ಬಾಗಿಲು ಅರ್ಧ ತೆರೆದು, ಕೈಯೊಂದನ್ನೇ ಹೊರಗೆ ಚಾಚಿ, ಯಾರ ಮಗಳು ಹಡೆದಳೋ ಅವರ ಮನೆತನ ಹೇಳಿ, "ಅರಿವಿ ಕೊಡ್ರಿ" ಎನ್ನುತ್ತಿದ್ದಳು. ಹೊರಗೆ ಕೂತವರ ಕಿವಿಯೆಲ್ಲ ಆ ಎರಡು ಶಬ್ದಕ್ಕೇ ತೆರೆದಿರುತ್ತಿತ್ತು. ಅರಿವೆ ಕೇಳಿದಳೆಂದರೆ ಕೂಸು ಬಂತು, ಉಸಿರಾಡುತ್ತಿದೆ. ಬೇರೆ ಯಾರೂ ಏನೂ ಹೇಳಬೇಕಿರಲಿಲ್ಲ.

"ಗಂಡೇನ್ರಿ, ಹೆಣ್ಣೇನ್ರಿ?" ಎಂದು ಯಾರಾದರೂ ಕೇಳಿದರೆ, "ಕೂಸರಿ. ಹಡದಾಕಿಗೇ ಇನ್ನಾ ಹೇಳಿಲ್ಲ, ನಿಮಗೇನು ಅವಸರ?" ಎಂದು ಕದ ಹಾಕಿಕೊಳ್ಳುತ್ತಿದ್ದಳು.

ನನ್ನ ಚೊಚ್ಚಲು ತವರಿನಲ್ಲಿ. ಶಹಾಪುರವೇ ನನ್ನ ತವರು, ಗಂಡನ ಮನೆ ಸುರಪುರ. ಅವ್ವ ತನ್ನ ಹಸಿರು ಅಂಚಿನ ಸೀರೆಯನ್ನು ಎರಡು ಪಾಲು ಮಾಡಿದ್ದಳು. ಅಪ್ಪ ಅವಳಿಗೆ ಮದುವೆಯ ವರ್ಷ ತಂದುಕೊಟ್ಟ ಸೀರೆ. ಒಗೆದು ಒಗೆದು ಹಾಲಿನ ಕೆನೆಯಷ್ಟು ಮೆತ್ತಗಾಗಿತ್ತು. ಅರ್ಧ ದವಾಖಾನೆಯ ಚೀಲಕ್ಕೆ. ಇನ್ನರ್ಧ ತೊಟ್ಟಿಲಿನ ಕೌದಿ ಹೊಲಿಯಲು ಟ್ರಂಕಿಗೆ.

ಮುಂಜಾನೆ ಒಂಬತ್ತಕ್ಕೆ ಒಳಗೆ ಹೋದೆ. ಆಯಾ ನನ್ನ ಪಾದ ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ಇನ್ನಾ ಹೊತ್ತದವ್ವಾ. ಅಂಗಾಲು ಬಿಸಿ ಆದ ಮ್ಯಾಲ ನಾ ಸಿಸ್ಟರ್‌ನ ಕರೀತೀನಿ."

"ಆಯಾನ ಕೈಯಾಗ ಥರ್ಮಾಮೀಟರ್ ಅದ ನೋಡ್ರಿ" ಎಂದು ಸಿಸ್ಟರ್ ನಕ್ಕರು. ನಾನೂ ನಕ್ಕಿರಬೇಕು. ಆ ದಿನ ನಾನು ನಕ್ಕದ್ದು ಅದೊಂದೇ ಸಲ ಎಂದು ನೆನಪು.

ಮಧ್ಯಾಹ್ನ ಮೂರರ ಹೊತ್ತಿಗೆ ಕೂಸು ಹುಟ್ಟಿತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು ಎಂದು ಆಮೇಲೆ ಹೇಳಿದರು. ಯಾರ ತಪ್ಪೂ ಇರಲಿಲ್ಲ. ಡಾಕ್ಟರು ಮೂಲೆಯ ಟೇಬಲ್ಲಿನ ಮೇಲೆ ಬಾಗಿ ಬಹಳ ಹೊತ್ತು ಏನೇನೋ ಮಾಡಿದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅಳು ಕೇಳಿಸಲಿಲ್ಲ. ಗೋಡೆಯ ಮೇಲೊಂದು ಹಲ್ಲಿ ಇತ್ತು, ಅದನ್ನೇ ನೋಡುತ್ತ ಮಲಗಿದ್ದೆ. ಕಡೆಗೆ ಡಾಕ್ಟರು ನೆಟ್ಟಗೆ ನಿಂತರು.

ಆಗ ಆಯಾ ಬಾಗಿಲಿಗೆ ಹೋದದ್ದು ಕಂಡೆ. ಕದ ಕಿರ್ ಅಂದಿತು. ಅದೇ ದನಿ, ಅದೇ ಎಳೆತ: "ಅರಿವಿ ಕೊಡ್ರಿ!"

ಹೊರಗೆ ಅವ್ವ ನಕ್ಕದ್ದು ನನಗೆ ಒಳಗೆ ಕೇಳಿಸಿತು. "ತಗೋ ಯವ್ವಾ, ತಗೋ! ನನ್ನ ಸೀರಿದು, ಮೆತ್ತಗದ. ಚೆಂದಂಗ ಸುತ್ತು." ಸಕ್ಕರೆಯ ಪುಡಿಕೆ ಬಿಚ್ಚಿದ ಸಪ್ಪಳ. ಬೆಂಚಿನ ಮೇಲಿದ್ದ ಪರವೂರಿನ ಹೆಂಗಸರಿಗೆ, "ಬಾಯಿ ಸಿಹಿ ಮಾಡ್ಕೋರಿ, ನಾ ಅಜ್ಜಿ ಆದೆ" ಅನ್ನುತ್ತಿದ್ದಳು. ಯಾರಿಗೋ ಹೇಳಿದಳು, ಸುರಪುರಕ್ಕೆ ಫೋನ್ ಹಚ್ಚು ಅಂತ.

ನಾನೂ ನಂಬಿದೆ. ಅರಿವೆ ಕೇಳಿದಳಲ್ಲ! ಅಳು ತಡವಾದರೇನಾಯಿತು, ಕೂಸು ಇದೆ. ಸಿಸ್ಟರ್ ಬಂದು ನನ್ನ ಹಣೆಯ ಮೇಲೆ ಕೈಯಿಡುವತನಕ ನಂಬಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಒಂದು ಗುಟುಕು ಚಹಾ ಕುಡಿಯುವಷ್ಟಿರಬಹುದು.

ಕೂಸನ್ನು ನನಗೆ ತೋರಿಸಲಿಲ್ಲ. ಮುಖ ನೋಡಿದರೆ ಮರೆಯಲಾಗುವುದಿಲ್ಲ, ತೋರಿಸಬೇಡಿ ಎಂದು ಹಿರಿಯರು ಹೇಳಿ ಕಳಿಸಿದರಂತೆ. ಹೆಣ್ಣುಕೂಸು ಎಂದಷ್ಟೇ ಗೊತ್ತಾಯಿತು. ಅಪ್ಪ ಒಬ್ಬನೇ ಒಯ್ದು, ವನದುರ್ಗದ ಕಡೆ ನಮ್ಮದೊಂದು ತುಂಡು ಹೊಲವಿತ್ತು, ಅಲ್ಲಿ ಮಣ್ಣು ಮಾಡಿ ಬಂದ.

ಅವ್ವನ ದುಃಖಕ್ಕೆ ಕೂರಲು ಜಾಗ ಸಿಗಲಿಲ್ಲ. ಅದು ಸಿಟ್ಟಾಗಿ ಆಯಾನ ಮೇಲೆ ಹೋಗಿ ಕೂತಿತು. ತನ್ನ ಕೈಯಾರೆ ಸಕ್ಕರೆ ಹಂಚಿದ್ದು ಅವಳಿಗೆ ನುಂಗಲಾಗದ ಮುಳ್ಳು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

"ಸತ್ತ ಕೂಸಿಗಿ ಅರಿವಿ ಯಾಕ ಬೇಕಾಗಿತ್ರಿ ಆಕಿಗಿ? ಮೆತ್ತನ್ನ ಸೀರಿ ಕಂಡಳು, ಇಸ್ಕೊಂಡಳು. ತನ್ನ ಮನಿಗಿ ಒಯ್ದಾಳ. ಆ ಮಂದಿ ಹಂಗೇ."

ಐದನೆಯ ದಿನ ಆಯಾ ನಮ್ಮ ಮನೆಗೆ ಬಂದಳು. ಕೂಸಿಲ್ಲದ ಬಾಣಂತಿಯ ಕೋಣೆಗೆ ಯಾರೂ ಬರುವುದಿಲ್ಲ. ಎದೆ ಹಾಲು ಬಿಗಿದು ಕಲ್ಲಾಗಿ, ಜ್ವರ ಬಂದು ಮಲಗಿದ್ದೆ. ತಲಬಾಗಿಲಲ್ಲಿ ಆಕೆಯ ದನಿ ಕೇಳಿತು.

"ಕಾಲು ಬಾತಾವೇನು ನೋಡಿ ಹೋಗ್ತೀನ್ರಿ ಯವ್ವಾ. ಎರಡ ನಿಮಿಷ."

"ಅರಿವಿ ತಂದೀಯೇನು?" ಎಂದಳು ಅವ್ವ.

ಆಚೆ ಬಳೆಗಳ ಸದ್ದಷ್ಟೇ ಆಯಿತು.

"ತಂದಿದ್ರ ಕೊಟ್ಟು ಹೋಗು. ಇಲ್ಲಂದ್ರ ನನ್ನ ಹೊಸ್ತಿಲಕ್ಕ ಬರಬ್ಯಾಡ."

ಚಪ್ಪಲಿಯ ಸಪ್ಪಳ ತುಸು ವಾಲಿದಂತೆ ದೂರವಾಯಿತು. ನಾನು ಎದ್ದು ಕೂಗಬಹುದಿತ್ತು. ಕೂಗಲಿಲ್ಲ. ಜ್ವರವಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಖರೆ ಹೇಳಬೇಕೆಂದರೆ ನನಗೂ ಸಿಟ್ಟಿತ್ತು. ಆ ಒಂದು ಗುಟುಕಿನಷ್ಟು ಹೊತ್ತು ನನ್ನನ್ನು ತಾಯಿ ಮಾಡಿ ಕೈಬಿಟ್ಟಳಲ್ಲ ಎಂದು.

ಎರಡನೆಯ ಹೆರಿಗೆಗೆ ಅವ್ವ ನನ್ನನ್ನು ಯಾದಗಿರಿಗೆ ಕರೆದುಕೊಂಡು ಹೋದಳು. ದೊಡ್ಡ ದವಾಖಾನೆ, ಒಳ್ಳೆಯ ಮಂದಿ. ಕೂಸಿನ ಅಳು ಮೊದಲ ಕ್ಷಣಕ್ಕೇ ಕೇಳಿಸಿತು. ಆ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಆದರೆ ನನ್ನ ಅಂಗಾಲು ಕೊನೆಯತನಕ ತಣ್ಣಗೇ ಇದ್ದವು, ಯಾರೂ ಮುಟ್ಟಲಿಲ್ಲ. ಬಾಗಿಲಲ್ಲಿ ಅರಿವೆ ಕೇಳುವ ದನಿಗಾಗಿ ನಾನು ಕಾಯುತ್ತಿದ್ದೆ ಎಂಬುದು ಅದು ಕೇಳಿಸದಿದ್ದಾಗ ತಿಳಿಯಿತು.

ಮುಂದೆ ನನ್ನ ಗಂಡನಿಗೆ ಶಹಾಪುರದ ಶಾಲೆಯಲ್ಲಿ ಗುಮಾಸ್ತಿಕೆಗೆ ವರ್ಗವಾಗಿ ಇಲ್ಲೇ ಮನೆ ಮಾಡಿದೆವು. ಬಸ್‌ಸ್ಟ್ಯಾಂಡಿನಲ್ಲಿ ಆ ವಡಗೇರಾದ ಹೆಣ್ಣುಮಗಳನ್ನು ಆಕೆ ತಡೆದು ನಿಲ್ಲಿಸಿದ್ದು ಆಗಲೇ. ಈಗ ಐದು ವರ್ಷದ ಹಿಂದೆ, ಆಕೆ ನಿವೃತ್ತಳಾದ ಹೊಸತು. ನಾನು ಗುಂಪಿನಲ್ಲಿ ಕಂಬದ ಹಿಂದೆ ನಿಂತಿದ್ದೆ. ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು ಬಸ್ಸು ಹತ್ತಿದ ಮೇಲೆ ಆಯಾ ತಿರುಗಿದಳು. ಅವಳ ಕಣ್ಣು ನನ್ನ ಚಪ್ಪಲಿಯ ಮೇಲೆ ಬಿದ್ದು ಅಲ್ಲೇ ನಿಂತಿತು. ಈ ಸಲ ಆಕೆ ಕೂಗಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ಆರಾಮದೀಯವ್ವಾ?" ಎಂದಳು.

ಕಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಸುರಪುರದ ಬಸ್ಸು ಒಂದು ಬಂದು ಹೋಯಿತು, ಇನ್ನೊಂದೂ ಹೋಯಿತು. ಕೊನೆಗೆ ಕೇಳಿದೆ.

"ಅರಿವಿ ಯಾಕ ಕೇಳಿದಿ, ಆಯಾ?"

ಆಕೆ ಬಳೆಗಳನ್ನು ಮೇಲಕ್ಕೆ ಏರಿಸಿ ಇಳಿಸಿದಳು. ಬ್ಯಾಂಡ್ ಇರಲಿಲ್ಲ, ಅಭ್ಯಾಸ.

"ಕೇಳದ ಏನು ಸುತ್ತಿ ಕಳಿಸ್ಲಿ ಯವ್ವಾ? ಹಳೀ ಪೇಪರನ್ಯಾಗ? ಒಂಬತ್ತು ತಿಂಗಳು ಹೊಟ್ಟಿಯಾಗಿದ್ದು ಬಂದದ. ಉಸುರಿಲ್ಲಂದ್ರ ಕೂಸು ಅಲ್ಲೇನು? ಅಜ್ಜಿ ಮನಿ ಅರಿವಿ ಅದರದ್ದು. ಅದನ್ನ ಸುತ್ತಿದೆ, ತಲಿ ಮುಚ್ಚಿದೆ, ನಿಮ್ಮಪ್ಪನ ಕೈಯಾಗ ಕೊಟ್ಟೆ."

ನಾನು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೆ.

"ನಂದೂ ತಪ್ಪದ" ಎಂದಳು. "ಕೇಳೂ ದನಿ ಬದಲ ಮಾಡಬೇಕಿತ್ತು. ದಿನಾ ಕೇಳಿ ಕೇಳಿ ರೂಢಿ ಬಿದ್ದ ಬಾಯಿ, ಅದೇ ಖುಷಿ ದನಿ ಬಂದುಬಿಡ್ತು. ನಿಮ್ಮವ್ವ ಸಕ್ಕರಿ ಪುಡಿಕಿ ಬಿಚ್ಚಿದ್ದು ನೋಡಿದೆ. ಬ್ಯಾಡ್ರಿ ಅನ್ನಾಕ ಬಾಯಿ ತೆರದೆ, ಬರಲಿಲ್ಲ. ಕದ ಹಾಕ್ಕೊಂಡೆ. ಅದೊಂದು ನನಗ ಇನ್ನಾ ಹತ್ತೇದ."

"ಮನಿಗಿ ಒಯ್ದಾಳ ಅಂತ ಅವ್ವ..."

"ಕೇಳೀನಿ. ನಿಮ್ಮ ಓಣಿಯಿಂದ ನಮ್ಮ ಓಣಿಗಿ ಮಾತು ಬರಾಕ ಎಷ್ಟು ಹೊತ್ತು? ಏನಂತ ಹೇಳ್ಬೇಕಿತ್ತು? ಮಣ್ಣಾಗ ಇಟ್ಟಿದ್ದನ್ನ ತೆಗದು ತೋರಸಲೇನು?"

ಮೂರನೆಯ ಬಸ್ಸು ಬಂತು. ಆಕೆ ಎದ್ದು ನಿಂತಳು. ಕೂಸು ಹೇಗಿತ್ತು ಎಂಬ ಆ ಒಂದು ಮಾತು ಕೇಳದೆ ನಾನು ಹೋಗಲಾರೆ ಎಂದು ಆಕೆಗೆ ತಿಳಿದಿರಬೇಕು. ನನ್ನ ಪಾದದ ಕಡೆಗೆ ಗದ್ದ ತೋರಿಸಿದಳು.

"ನಿನ್ನ ಕಾಲೇ ಇದ್ದೂ ಯವ್ವಾ. ಹೆಬ್ಬೆರಳಕಿಂತ ಬಾಜೂದ್ದು ಉದ್ದ. ತೊಳೀವಾಗ ನೋಡಿದೆ. ಚೆಂದ ಇದ್ದೂ."

ಆ ದಿನ ಮನೆಗೆ ಬಂದು ಬಚ್ಚಲಲ್ಲಿ ಕಾಲು ತೊಳೆದುಕೊಳ್ಳುತ್ತ ಬಹಳ ಹೊತ್ತು ಕೂತಿದ್ದೆ.

ಸಂಜೆ ತವರಿಗೆ ಹೋದೆ. ಅಪ್ಪ ಆಗ ಇದ್ದ. ರೊಟ್ಟಿ ಮುರಿಯುತ್ತ ಕೂತಿದ್ದವನನ್ನು ಅವ್ವನ ಎದುರಿಗೇ ಕೇಳಿದೆ.

"ಅಪ್ಪಾ, ಆ ಕೂಸಿನ ಮೈಮ್ಯಾಲ ಏನಿತ್ತು?"

ಯಾವ ಕೂಸು ಎಂದು ಅವನು ಕೇಳಲಿಲ್ಲ. "ನಿಮ್ಮವ್ವನ ಸೀರಿ. ಹಸರು ಅಂಚಿಂದು" ಎಂದ. ರೊಟ್ಟಿಯ ತುಂಡು ತಾಟಿಗಿಟ್ಟ. "ಟಂಟಂ ಗಾಡ್ಯಾಗ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದೆ. ಬಾಜೂ ಕುಂತಾಕಿ ಕೇಳಿದಳು, ಕೂಸು ಮಲಗ್ಯಾದೇನ್ರಿ ಅಂತ. ಹೌದ್ರಿ ಅಂದೆ. ಹಂಗೇ ಕಾಣತಿತ್ತು."

ಅವ್ವ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ಹಿಡಿದಿದ್ದಳು. "ಇಷ್ಟು ವರ್ಷ ನಾ ಅಂದಿದ್ದು ಕಿವಿಲೇ ಕೇಳೀರಿ. ಯಾಕ ಹೇಳಲಿಲ್ಲ?"

"ನೀ ಆಕಿನ್ನ ಬೈತಿದ್ದಿ. ನನ್ನ ಕೇಳಲಿಲ್ಲ" ಎಂದ ಅಪ್ಪ. ಆಮೇಲೆ, "ಅದರ ಬಗ್ಗೆ ಬಾಯಿ ತೆಗದ್ರ ನನಗ ಆಗ್ತಿದ್ದಿಲ್ಲ" ಎಂದು ಎದ್ದು ಕೈ ತೊಳೆದ. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯಿತು.

ಅಂದಿನಿಂದ ಅವ್ವ ಆಯಾನ ಸುದ್ದಿ ಎತ್ತಲಿಲ್ಲ. ಅಷ್ಟೇ. ಹೋಗಿ ಒಂದು ಮಾತು ಆಡಿ ಬಾ ಎಂದು ನಾನು ಎರಡು ಮೂರು ಸಲ ಹೇಳಿದೆ. "ಹೋಗೂಣು, ಹೋಗೂಣು" ಅನ್ನುತ್ತಿದ್ದಳು. ಶ್ರಾವಣ ಮುಗಿಯಲಿ, ತೊಗರಿ ರಾಶಿ ಆಗಲಿ, ಮೊಣಕಾಲು ನೋವು ಕಡಿಮೆಯಾಗಲಿ. ಮುಂದೆ ಅಪ್ಪ ತೀರಿಕೊಂಡ, ಅವ್ವ ನಮ್ಮ ಮನೆಗೆ ಬಂದಳು. ನಾನೂ ಸಂತೆಯಲ್ಲಿ ಆಯಾನನ್ನು ಕಂಡಾಗಲೆಲ್ಲ ಕಾಯಿಪಲ್ಲೆಯ ಮಾತಾಡಿ ಬಂದೆ.

ಮಂಗಳವಾರ, ಹಾಲಿನಾಕೆ ಹೋದ ಮೇಲೆ, ಅವ್ವ ಬತ್ತಿ ಬಿಟ್ಟೆದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸಪ್ಪಳ ಕೇಳಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಆ ಇನ್ನರ್ಧ ಸೀರೆ ಇತ್ತು. ನನ್ನ ಎರಡನೆಯ ಮಗಳಿಗೂ ಅದರಿಂದ ಕೌದಿ ಹೊಲಿದಿರಲಿಲ್ಲ.

"ನಡಿ" ಎಂದಳು.

ಆ ಓಣಿಗೆ ಅವ್ವ ಹುಟ್ಟಿದಾಗಿನಿಂದ ಕಾಲಿಟ್ಟವಳಲ್ಲ. ಸಣ್ಣ ಮನೆ, ಹೊರಗೆ ಬಿಳಿ ಬಟ್ಟೆಯ ಮಂದಿ, ಹೆಚ್ಚಿನವರು ಹೆಂಗಸರು, ಹಲವರ ಕಂಕುಳಲ್ಲಿ ಕೂಸು. ಅವ್ವ ಹೊಸ್ತಿಲ ಹೊರಗೇ ನಿಂತಳು. ನಾನು ಒಳಗೆ ಹೋದೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಗೂಟಕ್ಕೆ ತೂಗುಹಾಕಿದ ಸ್ಟೀಲಿನ ಲೋಟ. ಆಗಷ್ಟೇ ಮೈ ತೊಳೆಸಿದ್ದರು. ಆಕೆಯ ಪಾದಗಳನ್ನು ನಾನು ಅಲ್ಲಿಯತನಕ ನೋಡಿಯೇ ಇರಲಿಲ್ಲ. ಹಿಮ್ಮಡಿ ತುಂಬ ಬಿರುಕು. ಫಿನಾಯಿಲ್ ನೀರಿನಲ್ಲಿ ನಿಂತು ನಿಂತು ಬೆರಳ ಸಂದುಗಳು ಬೆಳ್ಳಗಾಗಿದ್ದವು. ಎಡಗಾಲು ಬಲಗಾಲಿಗಿಂತ ತುಸು ಗಿಡ್ಡ.

ಆಯಾನ ಸೊಸೆ ಸುತ್ತಮುತ್ತ ನೋಡಿದಳು. "ಹೊಸಾ ಬಿಳಿ ಬಟ್ಟಿ ಅದರಿ, ಹೊದಸಾಕ. ಮೈ ಒರಸಾಕ ಒಂದು ಹಳೀದು, ಮೆತ್ತಂದು ಇದ್ದಿದ್ರ..."

ನಾನು ಬಾಗಿಲಿಗೆ ಬಂದೆ. ಕದ ಅರ್ಧ ಮುಚ್ಚಿತ್ತು. ಕೈ ಹೊರಗೆ ಚಾಚಿದೆ.

"ಅವ್ವಾ, ಅರಿವಿ ಕೊಡು."

ಅವ್ವ ಒಂದು ಗಳಿಗೆ ನನ್ನ ಕೈಯನ್ನೇ ನೋಡಿದಳು. ಆಮೇಲೆ ಸೀರೆಯನ್ನು ಎದೆಗೆ ಒತ್ತಿ ಹಿಡಿದು, ಅದನ್ನು ನನ್ನ ಕೈಗೆ ಕೊಡದೆ, ಚಪ್ಪಲಿ ಕಳಚಿ ಒಳಗೆ ಬಂದಳು. ಮೊಣಕಾಲು ಊರಿ ಕೂತಳು. ಕಾಲಿನ ಕಡೆಯಿಂದ ಒರೆಸಲು ಶುರುಮಾಡಿದಳು.